ಬತ್ತಿದ ಚೊಂಬು

ನಾಪೋಕ್ಲು, ಕೊಡಗು

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಸಂಜೆ ನೀನು ಲೆಕ್ಕ ಒಪ್ಪಿಸುತ್ತಿದ್ದಾಗ ನಡುವೆಯೇ ಫೋನ್ ಇಟ್ಟುಬಿಟ್ಟೆನೆಂದು ಬೇಸರಪಟ್ಟೆಯಂತೆ, ನಿನ್ನ ದೊಡ್ಡಮ್ಮ ಹೇಳಿದಳು. ದೀಪ ಹಚ್ಚುವ ಹೊತ್ತಾಗಿತ್ತು, ಅಷ್ಟೇ.

ಪಕ್ಕದ ಹತ್ತು ಎಕರೆ ಮಾರಾಟಕ್ಕಿದೆ, ಬ್ಯಾಂಕು ಸಾಲ ಕೊಡುತ್ತದೆ, ರೋಬಸ್ಟಾ ಕಾಫಿಗೆ ಇಂಥ ಬೆಲೆ ನಮ್ಮ ಕಾಲದಲ್ಲಿ ಕಂಡದ್ದಿಲ್ಲ, ಕೆಳಗಿನ ಗದ್ದೆಗೆ ಮಣ್ಣು ತುಂಬಿಸಿ ಹೋಂಸ್ಟೇ ಕಟ್ಟಬಹುದು. ಲೆಕ್ಕದಲ್ಲಿ ನಿನ್ನನ್ನು ಸೋಲಿಸುವ ಶಕ್ತಿ ನನಗಿಲ್ಲ. ಚುಚ್ಚಿದ್ದು ಕೊನೆಯ ಮಾತು: "ಹತ್ತು ವರ್ಷ ದುಡಿದು ಗಟ್ಟಿಯಾದ ಮೇಲೆ ದೇವರು ದಿಂಡರು ನೋಡಿಕೊಂಡರಾಯಿತು. ನಮ್ಮ ಮಳೆದೇವರು ಇಗ್ಗುತ್ತಪ್ಪನಿಗೆ ಬೆಳ್ಳಿ ದೀಪವನ್ನೇ ಮಾಡಿಸಿಕೊಡೋಣ."

ಇದೇ ಮಾತನ್ನು ನಾನೂ ಆಡಿದ್ದೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮಗಟ್ಟುವ ಚಳಿ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋಯಿತು, ನಮ್ಮ ಕಣಕ್ಕೆ ಐಶ್ವರ್ಯ ಬಂತು. ಜೀಪು ಬಂತು, ಸಾಲದ ಮೇಲೆ ನಾಲ್ಕು ಎಕರೆಯೂ ಬಂತು. ಕಾಫಿ ಮಂಡಳಿಗೆ ಕೊಟ್ಟು ಕಂತಿನ ಹಣಕ್ಕೆ ಕಾಯುತ್ತಿದ್ದವರಿಗೆ 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಸಿಕ್ಕಿದ್ದೇ ತಡ, ಬೆಳಗಿನಿಂದ ರಾತ್ರಿಯವರೆಗೆ ದರದ್ದೇ ಜಪ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತರುವುದು ನಮ್ಮಲ್ಲಿ ತಪ್ಪಿದ್ದಿಲ್ಲವಲ್ಲ, ಅದು ತಪ್ಪಿತು. ಒಂದು ವರ್ಷ ವ್ಯಾಪಾರಿ ಬರುವವನಿದ್ದ, ಮರುವರ್ಷ ನೋಂದಣಿಯ ಓಡಾಟ. "ಕಾವೇರಮ್ಮ ಎಲ್ಲಿಗೂ ಹೋಗುವುದಿಲ್ಲ" ಎಂದು ನಕ್ಕಿದ್ದೆ.

ಆ ಪುಷ್ಯದಲ್ಲಿ ನಿನ್ನ ಅಜ್ಜಿ ಹಾಸಿಗೆ ಹಿಡಿದರು. ಒಂದು ರಾತ್ರಿ ಎರಡು ಗಂಟೆಗೆ, ಉಸಿರು ಗಂಟಲಲ್ಲಿ ಗೊರಗೊರ ಎನ್ನುತ್ತಿದ್ದಾಗ, "ತೀರ್ಥ" ಎಂದರು. ದೇವರ ಕೋಣೆಯ ತಾಮ್ರದ ಚೊಂಬಿನ ಮುಚ್ಚಳ ತೆಗೆದರೆ ಒಳಗೆ ಹನಿಯಿಲ್ಲ. ತಳದಲ್ಲಿ ಹಸಿರು ಕಿಲುಬು, ಒಂದು ಸತ್ತ ಇರುವೆ. ಟಾರ್ಚು ಬಿಟ್ಟು ನೋಡಿದೆ, ಅಲುಗಿಸಿ ನೋಡಿದೆ. ಅಂಗಳದಲ್ಲಿ ಹೊಸ ಜೀಪು ನಿಂತಿತ್ತು, ಅದರಲ್ಲಿ ಓಡಿದ್ದರೂ ಹೊತ್ತು ಸಾಲುತ್ತಿರಲಿಲ್ಲ. ಕೊನೆಗೆ ಲೈನ್‌ಮನೆಯಿಂದ, ನಮ್ಮ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದ ಹೆಂಗಸು ಕೆಮ್ಮಿನ ಔಷಧದ ಸೀಸೆಯಲ್ಲಿ ತೀರ್ಥ ತಂದಳು. ಒಂದು ದಿನದ ಕೂಲಿ ಬಿಟ್ಟು, ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರ್ ನಡೆದೇ ಹತ್ತಿಹೋಗಿ ತಂದದ್ದು. ಎರಡು ಚಮಚ ಅಜ್ಜಿಯ ಬಾಯಿಗೆ ಬಿಟ್ಟು, ಉಳಿದದ್ದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಅವಳ ಮನೆಯಲ್ಲೂ ವಯಸ್ಸಾದವರಿದ್ದರು.

2001ರ ಹೊತ್ತಿಗೆ ಬೆಲೆ ನೆಲ ಕಚ್ಚಿ ಆ ನಾಲ್ಕು ಎಕರೆ ಸಾಲಕ್ಕೇ ಹೋಯಿತು. ಅದರ ನೋವು ಯಾವಾಗಲೋ ಮಾಸಿದೆ.

ಹಣ ಬೇಡವೆನ್ನುವ ದೊಡ್ಡಸ್ತಿಕೆ ನನಗಿಲ್ಲ, ಕಾವಿ ಉಡು ಎಂದೂ ಹೇಳುತ್ತಿಲ್ಲ. ಒಂದು ಸಣ್ಣ ವಿಷಯ ನೋಡು. ಮೊದಲು ಮಾರ್ಚ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತ, ದಿನಕ್ಕೆ ಹತ್ತು ಸಲ ಇಗ್ಗುತ್ತಪ್ಪನ ಗುಡಿಯಿರುವ ಕಕ್ಕಬೆಯ ಬೆಟ್ಟದ ಕಡೆ ಮೋಡ ಹುಡುಕುತ್ತಿದ್ದೆವು, ಹುಡುಕಿದಾಗಲೆಲ್ಲ ಇಗ್ಗುತ್ತಪ್ಪನ ನೆನಪು. ಸ್ಪ್ರಿಂಕ್ಲರ್ ತಂದ ಮೇಲೆ ಡೀಸೆಲ್ ಎಷ್ಟು ಉಳಿದಿದೆಯೆಂದು ಬಗ್ಗಿ ನೋಡುತ್ತೇವೆ. ಸ್ಪ್ರಿಂಕ್ಲರ್ ನನಗೂ ಬೇಕು. ಆದರೆ ಕತ್ತೆತ್ತುವ ಅಭ್ಯಾಸ ಹೋದದ್ದು ನನಗೆ ಎಷ್ಟೋ ವರ್ಷ ಗೊತ್ತೇ ಆಗಲಿಲ್ಲ. ನೀನು ಹತ್ತು ವರ್ಷದ ನಂತರ ಎತ್ತುತ್ತೇನೆ ಎನ್ನುತ್ತೀಯೆ. ಅಷ್ಟರಲ್ಲಿ ಕತ್ತು ಬಗ್ಗಿಯೇ ಒಗ್ಗಿರುತ್ತದೆ. ಬೆಳ್ಳಿ ದೀಪದ ಮಾತಂತೂ ಬಿಡು, ಅದು ದೇವರಿಗೆ ಕೊಡುವ ಕಮಿಷನ್.

ಗದ್ದೆಯನ್ನು ಮಾತ್ರ ಮುಟ್ಟಬೇಡ. ಹುತ್ತರಿ ಸುಗ್ಗಿಹಬ್ಬಕ್ಕೆ ಭತ್ತದ ಕದಿರು ಎಲ್ಲಿಂದ ತರುತ್ತೀಯೆ, ಸಂತೆಯಿಂದಲೇ? ಎಕರೆಯ ಮೇಲೆ ಅಷ್ಟು ಭರವಸೆಯೂ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಕಡೆ ತೋಟಗಳು ಮನೆ ಸಮೇತ ಜಾರಿಹೋದದ್ದು ನಿನಗೆ ಗೊತ್ತಿದೆ. ಕ್ರಯಪತ್ರ ಪೆಟ್ಟಿಗೆಯಲ್ಲೇ ಇತ್ತು, ಜಮೀನು ಹೊರಟುಹೋಗಿತ್ತು.

ಸಾಲದ ಕಾಗದಕ್ಕೆ ಸಹಿ ಹಾಕುವುದನ್ನು ಸಂಕ್ರಮಣದವರೆಗೆ ತಡೆ. ತೀರ್ಥ ಉಕ್ಕುವ ಮುಹೂರ್ತ ಅಪರಾತ್ರಿಯದಾದರೂ ಸರಿ, ಹಿಂದಿನ ದಿನವೇ ಬಾ. ಭಾಗಮಂಡಲದ ಸಂಗಮದಲ್ಲಿ ಮಿಂದು ನಡೆದೇ ಹತ್ತೋಣ. ನನ್ನ ಮಂಡಿ ನಿಧಾನ, ನೀನು ಮುಂದೆ ಓಡಬೇಡ. ಮೇಲೆ ಚಳಿ, ಸ್ವೆಟರ್ ಮರೆಯಬೇಡ. ಚೊಂಬನ್ನು ಹುಣಸೆಹಣ್ಣು ಹಚ್ಚಿ ಬೆಳಗಿಟ್ಟಿದ್ದೇನೆ.

ಇಂತು,
ನಿನ್ನ ದೊಡ್ಡಪ್ಪ