ವಾರಕ್ಕೆ ಎರಡು ಬೆಳಿಗ್ಗೆ ಹಾಲ್ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ಮುಂಬಯಿ ಕನ್ನಡ ಸಂಘಗಳ ಸುದ್ದಿ ಬರುವ ಪುಟವನ್ನು ನಾನು ಒಂದು ದಿನವೂ ಬಿಡುವುದಿಲ್ಲ. ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನ ಬಂತೆಂದರೆ ಅಲ್ಲಲ್ಲಿ ತಪಾಸಣಾ ಶಿಬಿರ ನಡೆದ ಸುದ್ದಿ ಇರುತ್ತದೆ. ಒಳ್ಳೆಯ ಕೆಲಸ, ಮಾಡಲೇಬೇಕು. ಆದರೆ ಕಾಯಿಲೆ ಪತ್ತೆಯಾಗಿ, ಚಿಕಿತ್ಸೆ ಮುಗಿಸಿ ಮನೆಗೆ ಬಂದವರ ಕಡೆ ಯಾರೂ ನೋಡುವುದಿಲ್ಲ. ಅವರಲ್ಲಿ ನಾನೂ ಒಬ್ಬಳು. ನಮ್ಮಂಥವರು ಸೇರಿ ವ್ಯಾಯಾಮ ಮಾಡಲು ನಮ್ಮ ಸಂಘಗಳು ತಮ್ಮ ಹಾಲ್ ಕೊಡಲಿ ಎಂದು ಕೇಳಲು ಈ ಪತ್ರ.

ನನಗೆ 57 ವರ್ಷ. ಊರು ಕುಂದಾಪುರದ ಹತ್ತಿರ. ಮದುವೆಯಾಗಿ ಡೊಂಬಿವಲಿಗೆ ಬಂದು 33 ವರ್ಷವಾಯಿತು. ಮನೆಯಲ್ಲೇ ಅಡುಗೆ ಮಾಡಿ ಟಿಫಿನ್ ಡಬ್ಬಿ ಕೊಡುತ್ತಿದ್ದೆ. ಬಲ ಸ್ತನದಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಎಂಟು ಕಿಮೋ, ಹದಿನೈದು ರೇಡಿಯೇಶನ್. ಲೋಕಲ್ ರೈಲಿನಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಕೂರಬಹುದು. ಅದರಲ್ಲೇ ಹೋಗಿ ಬರುತ್ತಿದ್ದೆ.

ಕೊನೆಯ ರಿಪೋರ್ಟ್ ಚೆನ್ನಾಗಿ ಬಂದ ದಿನ ಮನೆಯವರು ಬಿಲ್ಡಿಂಗಿಗೆಲ್ಲ ಪೇಡಾ ಹಂಚಿದರು. ಮರುದಿನ ಬೆಳಿಗ್ಗೆ ಒಲೆಯ ಮೇಲಿನ ಸಣ್ಣ ಕುಕ್ಕರ್ ಇಳಿಸಲು ನನ್ನಿಂದ ಆಗಲಿಲ್ಲ. ನಲವತ್ತು ಡಬ್ಬಿಗೆ ಅನ್ನ ಮಾಡುತ್ತಿದ್ದ ಕೈ ಅದು. ಸ್ಟೇಷನ್ನಿನ ಸೇತುವೆ ಹತ್ತುವಾಗ ಮಧ್ಯದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಿಮೋದಿಂದ ಪಾದ ಜೋಮು ಹಿಡಿದಿತ್ತು. ಕಾಲಡಿಯಲ್ಲಿ ನೆಲ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಆಸ್ಪತ್ರೆಯ ಫೈಲಿನಲ್ಲಿ ಯಾವ ಮಾತ್ರೆ ಯಾವಾಗ, ಮತ್ತೆ ಯಾವ ತಾರೀಕಿಗೆ ಬರಬೇಕು, ಎಲ್ಲ ಬರೆದಿತ್ತು. ಹೋದ ಶಕ್ತಿ ವಾಪಸ್ ಬರಲು ಏನು ಮಾಡಬೇಕು ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. ನೆಂಟರು, ನೆರೆಯವರು ಎಲ್ಲರದ್ದೂ ಒಂದೇ ಮಾತು: "ಅಕ್ಕಾ, ಆ ಕೈಯಲ್ಲಿ ಏನೂ ಎತ್ತಬೇಡಿ. ಸುಮ್ನೆ ಮಲಗಿರಿ." ಪ್ರೀತಿಯಿಂದಲೇ ಹೇಳಿದರು. ನಾನೂ ನಾಲ್ಕು ತಿಂಗಳು ಮಲಗಿದೆ. ಮಲಗಿದಷ್ಟೂ ಸುಸ್ತು ಜಾಸ್ತಿಯಾಯಿತು.

ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿ ನಿವೃತ್ತ ಫಿಸಿಯೋಥೆರಪಿಸ್ಟ್ ಒಬ್ಬರಿದ್ದಾರೆ. ಮರಾಠಿಯವರು. ಎಲ್ಲರೂ ಅವರನ್ನು ತಾಯಿ ಎನ್ನುತ್ತಾರೆ. ಮರಾಠಿಯಲ್ಲಿ ಅಂದರೆ ಅಕ್ಕ. ನನಗೆ ಮಾತ್ರ ಆ ಮಾತು ಕನ್ನಡದ ಅರ್ಥದಲ್ಲೇ ಕೇಳುತ್ತದೆ. ನನ್ನ ಅವಸ್ಥೆ ನೋಡಿ, ಡಾಕ್ಟರರಿಂದ ಒಪ್ಪಿಗೆ ಚೀಟಿ ತರಿಸಿಕೊಂಡು, ಇನ್ನಿಬ್ಬರನ್ನು ಸೇರಿಸಿ ಟೆರೇಸಿನ ಮೇಲೆ ವ್ಯಾಯಾಮ ಶುರು ಮಾಡಿದರು. ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಏಳಕ್ಕೆ. ಈಗ ನಾವು ಹನ್ನೊಂದು ಜನ.

ಮೊದಲ ದಿನ ಒಂದು ಕುರ್ಚಿ ಇಟ್ಟರು. ಕೈ ಊರದೆ ಎದ್ದು ಕೂರಬೇಕು, 30 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ನೋಡೋಣ ಎಂದರು. ನನಗೆ ಆದದ್ದು ಐದು ಸಲ. ಆಮೇಲೆ ಗೋಡೆಗೆ ಕೈ ಕೊಟ್ಟು ತಳ್ಳುವುದು, ಗೋಡೆಯ ಮೇಲೆ ಬೆರಳುಗಳನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹತ್ತಿಸುವುದು, ರಬ್ಬರ್ ಪಟ್ಟಿ ಎಳೆಯುವುದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ ನಡೆಯಿರಿ ಅನ್ನುತ್ತಾರೆ. ಹನ್ನೆರಡನೇ ವಾರದಲ್ಲಿ ಅದೇ ಕುರ್ಚಿಯಿಂದ ಹನ್ನೆರಡು ಸಲ ಎದ್ದೆ.

ತೂಕ ಎತ್ತಲು ನನಗೆ ತುಂಬ ಭಯವಿತ್ತು. ಕೈ ಬಾತುಕೊಂಡರೆ? ಗ್ರಂಥಿ ತೆಗೆದವರಿಗೆ ಈ ಭಯ ಇದ್ದೇ ಇರುತ್ತದೆ. ತಾಯಿ 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯ ಹೇಳಿದರು. ಆಗಲೇ ಕೈ ಬಾವು ಇದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೆರಡು ಸಲ, ನಿಧಾನವಾಗಿ ಏರಿಸುತ್ತಾ ತೂಕ ಎತ್ತಿಸಿದ್ದರು. ಎತ್ತಿದವರಿಗೆ ಬಾವು ಜಾಸ್ತಿಯಾಗಲಿಲ್ಲ, ತೊಂದರೆ ಕಡಿಮೆಯೇ ಆಯಿತು. ನಾನು ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿದೆ. ಪ್ರತಿ ವಾರ ಟೇಪಿನಿಂದ ಕೈ ಸುತ್ತಳತೆ ಬರೆದಿಡುತ್ತೇವೆ. ಈಗ ಎರಡು ಕಿಲೋ ಎತ್ತುತ್ತೇನೆ.

ಇದನ್ನೆಲ್ಲ ಮನೆಯಲ್ಲಿ ಒಬ್ಬರೇ ಮಾಡಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ನಾನು ಪ್ರಯತ್ನಿಸಿದ್ದೆ. ಮೂರನೇ ದಿನಕ್ಕೆ ನಿಂತುಹೋಯಿತು. ಗುಂಪಿನಲ್ಲಿ ನಮ್ಮ ಉಡುಪಿ ಕಡೆಯ ಮಾಮ ಒಬ್ಬರಿದ್ದಾರೆ. ಹೋಟೆಲಿನ ಗಲ್ಲಾದಲ್ಲಿ ಕೂತು ದಿನವಿಡೀ ಜನರ ಜೊತೆ ಮಾತಾಡುತ್ತಿದ್ದವರು. ಬಾಯಿಯ ಕ್ಯಾನ್ಸರ್ ಆಗಿ, ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದು, ಒಂದು ಭುಜ ಜೋತುಬಿದ್ದಿತ್ತು. ಮಾತು ಸ್ಪಷ್ಟವಿಲ್ಲವೆಂದು ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ನಮ್ಮಲ್ಲಿ ಎಣಿಸುವ ಸರದಿ ಒಬ್ಬೊಬ್ಬರಿಗೆ ಬರುತ್ತದೆ, ಅವರವರ ಭಾಷೆಯಲ್ಲಿ. ಎರಡು ವಾರ ಅವರು ತಲೆ ಅಲ್ಲಾಡಿಸಿ ಬೇಡ ಎಂದರು. ಮೂರನೇ ವಾರ "ಒಂಜಿ, ರಡ್ಡ್, ಮೂಜಿ" ಎಂದು ತುಳುವಿನಲ್ಲಿ ಶುರು ಮಾಡಿದರು. ಅಸ್ಪಷ್ಟವಾಗಿತ್ತು. ಯಾರೂ ನಗಲಿಲ್ಲ, ಅವರು ಎಣಿಸಿದಷ್ಟೂ ನಾವು ಪಟ್ಟಿ ಎಳೆದೆವು. ಮರಾಠಿಯವರಿಗೂ ಈಗ ತುಳುವಿನಲ್ಲಿ ಹತ್ತರವರೆಗೆ ಬರುತ್ತದೆ. ಔಷಧದ ಅಂಗಡಿಯಲ್ಲಿ ಇದು ಸಿಗುವುದಿಲ್ಲ.

ಇದು ನಮ್ಮ ಹನ್ನೊಂದು ಜನರ ಅನುಭವ ಮಾತ್ರವಲ್ಲ. ಕರುಳಿನ ಕ್ಯಾನ್ಸರಿಗೆ ಕಿಮೋ ಮುಗಿಸಿದ 889 ಜನರ ಮೇಲೆ ನಡೆದ ದೊಡ್ಡ ಅಧ್ಯಯನ 2025ರಲ್ಲಿ ಹೊರಬಂತು. ಒಂದು ಗುಂಪಿಗೆ ಮೂರು ವರ್ಷ ತರಬೇತುದಾರರ ನೆರವಿನಲ್ಲಿ ವ್ಯಾಯಾಮ, ಇನ್ನೊಂದಕ್ಕೆ ಬರೀ ಪುಸ್ತಿಕೆ. ಐದು ವರ್ಷದ ಹೊತ್ತಿಗೆ ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ ಸುಮಾರು 80 ಜನ ಕ್ಯಾನ್ಸರ್ ಇಲ್ಲದೆ ಬದುಕಿದ್ದರು, ಪುಸ್ತಿಕೆಯ ಗುಂಪಿನಲ್ಲಿ 74. ನನ್ನ ಕಾಯಿಲೆ ಬೇರೆ, ಆ ಲೆಕ್ಕ ನನಗೆ ಹಾಗೆಯೇ ಹೊಂದುತ್ತದೆ ಎನ್ನುವುದಿಲ್ಲ. ಆದರೆ ಮಲಗಿರಿ ಅನ್ನುವವರು ಇದನ್ನು ತಿಳಿಯಬೇಕು. ಅಮೆರಿಕದ ವೈಎಂಸಿಎ ಕೇಂದ್ರಗಳಲ್ಲಿ ಕ್ಯಾನ್ಸರ್ ದಾಟಿದವರಿಗೆ 12 ವಾರದ ಗುಂಪು ತರಗತಿಗಳು ಹದಿನೈದು ವರ್ಷಕ್ಕಿಂತ ಹಿಂದೆಯೇ ಶುರುವಾಗಿವೆ. ನಮ್ಮಲ್ಲಿ ಯಾಕೆ ಬೇಡ?

ಮಾಟುಂಗ, ಕುರ್ಲಾ, ಸಾಂತಾಕ್ರೂಜ್, ಹೀಗೆ ನಮ್ಮವರ ಸಂಘಗಳಿಗೆ ಸ್ವಂತ ಕಟ್ಟಡಗಳಿವೆ. ಮದುವೆ, ಯಕ್ಷಗಾನ, ಪ್ರಶಸ್ತಿ ಸಮಾರಂಭ ಎಲ್ಲ ಜಾಸ್ತಿ ನಡೆಯುವುದು ಸಂಜೆ, ಇಲ್ಲವೇ ಭಾನುವಾರ. ವಾರದ ಮಧ್ಯೆ ಬೆಳಿಗ್ಗೆ ಎಷ್ಟೋ ಹಾಲ್‌ಗಳು ಖಾಲಿ ಇರುತ್ತವೆ. ನಾವು ಒಂದು ಕಡೆ ಹೋಗಿ ಕೇಳಿದೆವು. ರೋಗಿಗಳು ಬಂದು ಹೋಗುವ ಜಾಗ ಎಂದು ಗೊತ್ತಾದರೆ ಮದುವೆಯವರು ಬುಕ್ ಮಾಡಲಿಕ್ಕಿಲ್ಲ ಎಂದರು. ಆ ದಿನ ಮಾಮ ನಮ್ಮ ಜೊತೆಗಿದ್ದರು. ವಾಪಸ್ ಬರುವಾಗ ರಿಕ್ಷಾದಲ್ಲಿ ಒಂದು ಮಾತೂ ಆಡಲಿಲ್ಲ. ಕ್ಯಾನ್ಸರ್ ಅಂಟುವ ಕಾಯಿಲೆ ಅಲ್ಲ ಎಂದು 2025 ದಾಟಿದ ಮೇಲೂ ಹೇಳಬೇಕಾಗಿ ಬಂದದ್ದು ನನಗೆ ಬಹಳ ನೋವು ಕೊಟ್ಟಿತು.

ಬೇಕಾಗಿರುವುದು ಇಷ್ಟೇ: ನೆಲಮಹಡಿಯಲ್ಲಿ ಅಥವಾ ಲಿಫ್ಟ್ ಇರುವ ಕಡೆ ಒಂದು ಹಾಲ್, ಹದಿನೈದು ಗಟ್ಟಿ ಕುರ್ಚಿ, ಒಂದು ಖಾಲಿ ಗೋಡೆ, ಸ್ವಚ್ಛ ಟಾಯ್ಲೆಟ್. ಜೊತೆಗೆ ತಿಳಿದ ಒಬ್ಬ ಫಿಸಿಯೋಥೆರಪಿಸ್ಟ್‌ಗೆ ಕೊಡುವ ಸಂಭಾವನೆ. ಸೇರುವವರು ತಮ್ಮ ಡಾಕ್ಟರರ ಚೀಟಿ ತರಲೇಬೇಕು. ಮೂಳೆಗೆ ಕಾಯಿಲೆ ಹರಡಿದವರು, ರಕ್ತದ ಕಣ ಕಡಿಮೆ ಇರುವವರು, ಜ್ವರ ಇರುವವರು ಕೇಳದೆ ಮಾಡಬಾರದು.

ಜೂನ್‌ನಲ್ಲಿ ಮಳೆ ಶುರುವಾದರೆ ನಮ್ಮ ಟೆರೇಸ್ ನಾಲ್ಕು ತಿಂಗಳು ಬಂದ್. ಕಳೆದ ವರ್ಷ ತಾಯಿಯ ಮನೆಯ ಹಾಲ್‌ನಲ್ಲಿ ನಾಲ್ಕೇ ಜನ ನಿಲ್ಲಲು ಆಗುತ್ತಿತ್ತು. ಉಳಿದವರು ಮತ್ತೆ ಮಂಚ ಹಿಡಿದರು. ಅವರಲ್ಲಿ ಇಬ್ಬರು ಅಕ್ಟೋಬರಿನಲ್ಲಿ ಮೊದಲಿನಿಂದ ಶುರು ಮಾಡಬೇಕಾಯಿತು.

ಮಳೆಗಿಂತ ಮೊದಲು ಈ ಪತ್ರ ಪ್ರಕಟಿಸಿದರೆ ಉಪಕಾರವಾಗುತ್ತದೆ. ಯಾವ ಸಂಘ ಕರೆದರೂ ನಾವು ಹನ್ನೊಂದು ಜನ ಬಂದು ಮಾಡಿ ತೋರಿಸುತ್ತೇವೆ. ಕುರ್ಚಿ ನಾವೇ ಹಾಕುತ್ತೇವೆ. ಮುಗಿದ ಮೇಲೆ ನಾವೇ ಎತ್ತಿಡುತ್ತೇವೆ.

ಇತಿ,
ಓರ್ವ ಓದುಗಾರ್ತಿ, ಡೊಂಬಿವಲಿ ಪೂರ್ವ