ಕ್ಯಾಥೋಡ್ ಪ್ಲೇಟುಗಳು ಇನ್ನು ಗಾಜಿನ ಮೇಲೆ: ನಮ್ಮ ಗ್ರಾಹಕರಿಗೆ ಪತ್ರ

ಕಪನೂರ ಕೈಗಾರಿಕಾ ಪ್ರದೇಶ, ಕಲಬುರಗಿ

ಮಾನ್ಯ ಗ್ರಾಹಕರೆ,

ಮುಂದಿನ ತಿಂಗಳಿಂದ ನಮ್ಮ ಕ್ಯಾಥೋಡ್ ಪ್ಲೇಟುಗಳು (ವ್ಯಾಕ್ಯೂಮ್‌ನಲ್ಲಿ ವೋಲ್ಟೇಜ್ ಕೊಟ್ಟಾಗ ಎಲೆಕ್ಟ್ರಾನ್ ಹೊರಡಿಸುವ ಪ್ಲೇಟುಗಳು) ಸಿಲಿಕಾನ್ ಬದಲು ಗಾಜಿನ ಮೇಲೆ ಬರುತ್ತವೆ. ಇದುವರೆಗೆ ಅವುಗಳ ಮೇಲಿನ ಕಾರ್ಬನ್ ನ್ಯಾನೊಟ್ಯೂಬುಗಳನ್ನು (ಇಂಗಾಲದ ಅತಿ ಸಣ್ಣ ನಳಿಗೆಗಳನ್ನು) 750 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸುತ್ತಿದ್ದೆವು, ಇನ್ನು 480 ದಾಟುವುದಿಲ್ಲ. ಕಣ್ಣಿಗೆ ಅದೇ ಮಸಿಗಪ್ಪು ಕಾಣುತ್ತದೆ. ಒಳಗಿನ ರಚನೆ ಮಾತ್ರ ಬೇರೆಯಾಗಿದೆ, ಹಾಗಾಗಿ ಬಳಸುವ ಕ್ರಮವನ್ನೂ ಸ್ವಲ್ಪ ಬದಲಿಸಿಕೊಳ್ಳಬೇಕು.

ಕಳೆದ ಬೇಸಿಗೆಯಲ್ಲಿ ಒಂದು ಕಾಲೇಜಿನ ಪ್ರಯೋಗಾಲಯದಿಂದ ಮೂರು ಪ್ಲೇಟು ವಾಪಸ್ ಬಂದವು. ಸಿಲಿಕಾನ್ ತುಂಡನ್ನು ಸಿಲ್ವರ್ ಪೇಸ್ಟ್‌ನಿಂದ ಗಾಜಿಗೆ ಅಂಟಿಸಿದ್ದರು. ಅಂಟು ಬಿಟ್ಟು ತುಂಡು ಕಳಚಿತ್ತು, ಮೇಲಿನ ಕಪ್ಪು ಪದರ ಮಾತ್ರ ಹಾಗೇ ಇತ್ತು. ಗಾಜಿನ ಮೇಲೆಯೇ ಬೆಳೆಸಿದರೆ ಅಂಟಿನ ಗೊಡವೆಯೇ ಇಲ್ಲವಲ್ಲ ಎಂದು ನಮ್ಮ ಹಳೆಯ ಕುಲುಮೆಗೇ ಗಾಜಿಟ್ಟು ನೋಡಿದೆವು. ಸಾಧಾರಣ ಕಿಟಕಿ ಗಾಜು 500 ಡಿಗ್ರಿ ದಾಟಿದರೆ ಒಳಗೊಳಗೇ ಸಡಿಲಾಗತೊಡಗುತ್ತದೆ, 720ರ ಸುಮಾರಿಗೆ ಮೆತ್ತಗಾಗುತ್ತದೆ. ಹೊರತೆಗೆದಾಗ ಅದು ನಡು ಕುಸಿದು ದೋಣಿಯಂತೆ ಬಾಗಿತ್ತು. ಉಷ್ಣತೆ ಇಳಿಸದೆ ಬೇರೆ ದಾರಿ ಇರಲಿಲ್ಲ.

ನಳಿಗೆಗೆ ಬೇಕಾದ ಇಂಗಾಲ ಸಿಗುವುದು ಅನಿಲವನ್ನು ಒಡೆದಾಗ. ಹಳೆಯ ಕುಲುಮೆಯಲ್ಲಿ ಒಡೆಯುವ ಕೆಲಸವೆಲ್ಲ ಬರಿ ಶಾಖದ್ದು. ಹೊಸ ಯಂತ್ರದಲ್ಲಿ ಅದನ್ನು ಬಹುಪಾಲು ಪ್ಲಾಸ್ಮಾ (ವಿದ್ಯುತ್ತಿನಿಂದ ಅಯಾನುಗಳಾಗಿ ಒಡೆದ ಅನಿಲ) ಮಾಡುತ್ತದೆ: ಕಡಿಮೆ ಒತ್ತಡದಲ್ಲಿ ಅಸಿಟಿಲೀನ್ ಮತ್ತು ಅಮೋನಿಯ ಬಿಟ್ಟು ವೋಲ್ಟೇಜ್ ಕೊಡುತ್ತೇವೆ. ಗಾಜಿನ ಮೇಲೆ ಕ್ರೋಮಿಯಂ ಪದರ, ಅದರ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ನಿಕ್ಕೆಲ್. ಬಿಸಿಗೆ ಈ ನಿಕ್ಕೆಲ್ ಸಣ್ಣ ಸಣ್ಣ ಮಣಿಗಳಾಗಿ ಒಡೆಯುತ್ತದೆ. ಇಂಗಾಲ ಆ ಮಣಿಯನ್ನು ಹಿಡಿದು ಅದರ ಕೆಳಗಿನಿಂದ ನಳಿಗೆಯಾಗಿ ಹೊರಡುತ್ತದೆ. ಹೆಸರಿನ ಮೊಳಕೆ ಕಾಳನ್ನು ತಲೆ ಮೇಲೆ ಹೊತ್ತುಕೊಂಡೇ ಮಣ್ಣಿನಿಂದ ಏಳುವ ಹಾಗೆ. ಅಡ್ಡಾದಿಡ್ಡಿ ಕೂರುವ ಇಂಗಾಲವನ್ನು ಅಮೋನಿಯ ಕಳೆ ಕಿತ್ತಂತೆ ತೆಗೆದುಹಾಕುತ್ತದೆ. ಪ್ಲಾಸ್ಮಾದ ವಿದ್ಯುತ್ ಕ್ಷೇತ್ರ ಇರುವುದರಿಂದ ನಳಿಗೆಗಳು ನೆಟ್ಟಗೆ ನಿಲ್ಲುತ್ತವೆ.

ಕಡಿಮೆ ಶಾಖಕ್ಕೆ ತೆರಬೇಕಾದ ಬೆಲೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಈ ನಳಿಗೆಗಳ ಒಳಗೆ ಬಿದಿರಿನ ಹಾಗೆ ಗಿಣ್ಣುಗಳಿರುತ್ತವೆ, ಗೋಡೆಯಲ್ಲಿ ದೋಷಗಳು ಹೆಚ್ಚು. ರಾಮನ್ ಯಂತ್ರ (ಚದುರಿದ ಬೆಳಕಿನಿಂದ ಒಳರಚನೆ ತೋರಿಸುವ ಉಪಕರಣ) ಇರುವವರಿಗೆ, ದೋಷವನ್ನು ತೋರಿಸುವ 1350ರ (ಪ್ರತಿ ಸೆಂಟಿಮೀಟರ್‌ಗೆ) ಬಳಿಯ ಡಿ ಗೆರೆ, ಸರಿಯಾಗಿ ಜೋಡಿಸಿದ ಇಂಗಾಲವನ್ನು ತೋರಿಸುವ 1580ರ ಬಳಿಯ ಜಿ ಗೆರೆಗೆ ಹೋಲಿಸಿದರೆ ಮೊದಲಿಗಿಂತ ಎತ್ತರವಾಗಿ ಕಂಡೀತು. ಪ್ಲೇಟು ಕೆಟ್ಟಿದೆ ಎಂದು ದಯವಿಟ್ಟು ತಿಳಿಯಬೇಡಿ. ಶುದ್ಧ ಗೋಡೆಯ ನಳಿಗೆಯೇ ಬೇಕಾದ ಅಧ್ಯಯನ ಮಾಡುತ್ತಿರುವವರು ಹೊಸ ಪ್ಲೇಟು ತೆಗೆದುಕೊಳ್ಳದಿರುವುದೇ ಒಳ್ಳೆಯದು. ಅವರಿಗಾಗಿ ಹಳೆಯ ಕುಲುಮೆಯನ್ನು ಇಟ್ಟುಕೊಂಡಿದ್ದೇವೆ, ಮೊದಲೇ ತಿಳಿಸಿದರೆ ಸಿಲಿಕಾನ್ ಮೇಲೆ ಮಾಡಿಕೊಡುತ್ತೇವೆ.

ಎಲೆಕ್ಟ್ರಾನ್ ಹೊರಡಿಸುವ ಕೆಲಸದಲ್ಲಿ ಗೋಡೆಯ ನಯಕ್ಕಿಂತ ಮೊನೆಯ ಚೂಪು, ಎತ್ತರ, ನಡುವಿನ ಅಂತರ ಇವೇ ಮುಖ್ಯ. ಒತ್ತೊತ್ತಾಗಿ ನಿಂತ ನಳಿಗೆಗಳು ಒಂದಕ್ಕೊಂದು ಮರೆಯಾಗಿ ಕ್ಷೇತ್ರ ಮೊನೆಗೆ ತಾಗದಂತೆ ಮಾಡುತ್ತವೆ. ತೊಗರಿಯನ್ನು ಸಾಲು ಬಿಟ್ಟು ಯಾಕೆ ಬಿತ್ತುತ್ತಾರೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ನಮ್ಮ ಹಳೆಯ ಪ್ಲೇಟುಗಳ ದೊಡ್ಡ ಕೊರತೆ ಈ ಒತ್ತೇ ಆಗಿತ್ತು. ಈಗ ನಿಕ್ಕೆಲ್ ಅನ್ನು ಮಾಸ್ಕ್ ಹಾಕಿ ಚುಕ್ಕೆ ಚುಕ್ಕೆಯಾಗಿ ಕೂರಿಸುತ್ತೇವೆ. ಒಂದೊಂದು ಚುಕ್ಕೆಯ ಮೇಲೆ ನಳಿಗೆಗಳ ಒಂದು ಗೊಂಚಲು ಬೆಳೆಯುತ್ತದೆ, ಗೊಂಚಲಿಂದ ಗೊಂಚಲಿಗೆ ಎತ್ತರದ ಎರಡರಷ್ಟು ಜಾಗ ಬಿಡುತ್ತೇವೆ.

ಬಳಸುವಾಗ ಒಂದು ವಿಷಯದಲ್ಲಿ ಮಾತ್ರ ಅವಸರ ಬೇಡ. ವ್ಯಾಕ್ಯೂಮ್‌ನ ಒತ್ತಡ ಒಂದು ಟಾರ್‌ನ ಹತ್ತು ಲಕ್ಷದ ಒಂದು ಪಾಲಿಗೆ ಇಳಿದ ಮೇಲೆಯೇ ವೋಲ್ಟೇಜ್ ಕೊಡಿ, ಅದನ್ನೂ ಮೆಲ್ಲಗೆ, ಹಂತಹಂತವಾಗಿ ಏರಿಸಿ. ಮೊದಲ ಕೆಲವು ಗಂಟೆ ಕರೆಂಟ್ ಏರಿಳಿಯುತ್ತದೆ, ಮೇಲೆ ಅಂಟಿದ ನೀರಿನ ಆವಿ ಬಿಟ್ಟುಹೋಗುವ ತನಕ ಅದು ಸಹಜ. ಸರಣಿಯಲ್ಲಿ ಒಂದು ಮೆಗಾಓಮ್ ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ಎಲ್ಲಕ್ಕಿಂತ ಎತ್ತರದ ನಳಿಗೆಯೇ ಕರೆಂಟೆಲ್ಲ ಎಳೆದುಕೊಂಡು ಮೊದಲು ಸುಟ್ಟುಹೋಗುತ್ತದೆ. ವಿದ್ಯಾರ್ಥಿಗಳು ಫೌಲರ್–ನಾರ್ಡ್‌ಹೈಮ್ ಗೆರೆ (ವೋಲ್ಟೇಜ್‌ಗೆ ತಕ್ಕಂತೆ ಕರೆಂಟ್ ಹೇಗೆ ಏರುತ್ತದೆಂದು ತೋರಿಸುವ ನಕ್ಷೆ) ಎಳೆಯುವಾಗ ಹಳೆಯ ಪ್ಲೇಟಿನ ಅಂಕಿಗಳನ್ನು ಹೊಸದರ ಜೊತೆ ಬೆರೆಸದಿರಲಿ. ಇಳಿಜಾರು ಬೇರೆ ಬರುತ್ತದೆ.

ದರ ಬದಲಾಗಿಲ್ಲ. ಈಗಾಗಲೇ ಆರ್ಡರ್ ಕೊಟ್ಟವರಿಗೆ ಯಾವುದು ಬೇಕೆಂದು ಕೇಳಿಯೇ ಕಳಿಸುತ್ತೇವೆ. ಮೊದಲ ಪ್ಲೇಟು ನಿಮ್ಮ ಉಪಕರಣಕ್ಕೆ ಹೊಂದದಿದ್ದರೆ ಅಳತೆಯ ಹಾಳೆಯ ಜೊತೆ ವಾಪಸ್ ಕಳಿಸಿ, ಬದಲಿ ಕೊಡುತ್ತೇವೆ. ಹಾಳೆಯನ್ನು ಮರೆಯಬೇಡಿ, ಎಲ್ಲಿ ತಪ್ಪಿತೆಂದು ನಮಗೆ ಗೊತ್ತಾಗುವುದು ಅದರಿಂದಲೇ.

ತಮ್ಮ ವಿಶ್ವಾಸಿಗಳು,
ಘಟಕದ ಪಾಲುದಾರರು