ಟ್ರಾವೆಲರ್ಸ್ ಚೆಕ್ ನಂಬಿ ಹೊರಡಬೇಡಿ, ಹಳೆಯದನ್ನು ಎಸೆಯಲೂಬೇಡಿ

ಮಾನ್ಯ ಸಂಪಾದಕರೇ,

ವಿದೇಶಕ್ಕೆ ಹೊರಟವರಿಗೆ ಹಿರಿಯರು ಈಗಲೂ ಒಂದು ಮಾತು ಹೇಳುತ್ತಾರೆ, ‘ಕೈಯಲ್ಲಿ ನೋಟು ಜಾಸ್ತಿ ಇಟ್ಕೋಬೇಡ, ಟ್ರಾವೆಲರ್ಸ್ ಚೆಕ್ ತಗೊಂಡು ಹೋಗು’ ಅಂತ. ಒಂದು ಕಾಲಕ್ಕೆ ಆ ಮಾತು ನೂರಕ್ಕೆ ನೂರು ಸರಿ. ಇವತ್ತು ಅದನ್ನೇ ನಂಬಿದರೆ ಪರದಾಡಬೇಕಾಗುತ್ತದೆ, ಅದಕ್ಕೇ ಈ ಪತ್ರ.

ಮೊದಲೇ ಹಣ ಕಟ್ಟಿ ಕೊಂಡು, ಪರದೇಶದಲ್ಲಿ ನೋಟಿನ ಬದಲು ಕೊಡುತ್ತಿದ್ದ ಚೆಕ್ ಅದು. ಅದರ ಬಲ ಇದ್ದದ್ದು ಎರಡು ಸಹಿಯಲ್ಲಿ. ಕೊಳ್ಳುವಾಗ ಒಂದು, ಖರ್ಚು ಮಾಡುವಾಗ ಹಣ ಪಡೆಯುವವರ ಕಣ್ಣೆದುರೇ ಇನ್ನೊಂದು. ಕಳೆದುಹೋದರೂ ಚೆಕ್ಕಿನ ನಂಬರ್ ಹೇಳಿ, ಕೊಂಡ ರಸೀದಿ ತೋರಿಸಿದರೆ ಹಣ ವಾಪಸ್ ಸಿಗುತ್ತಿತ್ತು. ನಾನೊಮ್ಮೆ ಪರದೇಶದಲ್ಲಿ ಸಮಯ ಉಳಿಯಲಿ ಅಂತ ರೂಮಿನಲ್ಲೇ ಎರಡನೇ ಸಹಿಯನ್ನೂ ಹಾಕಿಕೊಂಡು ಹೋದೆ. ಕೌಂಟರಿನಲ್ಲಿದ್ದವರು ‘ನಮ್ಮೆದುರು ಹಾಕಿಲ್ಲ’ ಅಂತ ತೆಗೆದುಕೊಳ್ಳಲೇ ಇಲ್ಲ. ಅವರದೇನೂ ತಪ್ಪಿಲ್ಲ, ನಿಯಮವೇ ಹಾಗೆ. ಆದರೆ ಆ ದಿನ ಕೈಯಲ್ಲಿ ಬೇರೆ ಹಣ ಇರಲಿಲ್ಲ, ಆ ಗಾಬರಿ ಇನ್ನೂ ಮರೆತಿಲ್ಲ.

ಅಮೆರಿಕನ್ ಎಕ್ಸ್‌ಪ್ರೆಸ್ ಅನ್ನುವ ಅಮೆರಿಕದ ಕಂಪನಿ ಈ ಚೆಕ್ ತಂದದ್ದು 1891ರಲ್ಲಿ. ಅದರ ಅಧ್ಯಕ್ಷರು ಯುರೋಪಿಗೆ ಹೋದಾಗ ಲೆಟರ್ ಆಫ್ ಕ್ರೆಡಿಟ್, ಅಂದರೆ ‘ಇವರಿಗೆ ಹಣ ಕೊಡಿ’ ಅಂತ ಬ್ಯಾಂಕ್ ಬರೆದುಕೊಡುವ ಪತ್ರ, ಹಿಡಿದುಕೊಂಡಿದ್ದರಂತೆ, ದೊಡ್ಡ ನಗರ ಬಿಟ್ಟರೆ ಬೇರೆಲ್ಲೂ ಹಣ ಹುಟ್ಟಲಿಲ್ಲವಂತೆ. ಈಗ ಚೆಕ್ ಹಿಡಿದವರ ಪಾಡೂ ಅದೇ ಆಗಿದೆ. ಎಷ್ಟೋ ಅಂಗಡಿಯ ಹುಡುಗರು ಇಂಥದ್ದೊಂದನ್ನು ಕಣ್ಣಲ್ಲೂ ನೋಡಿರುವುದಿಲ್ಲ. ಬ್ಯಾಂಕಿಗೆ ಹೋದರೆ ‘ನಮ್ಮಲ್ಲಿ ಖಾತೆ ಇದೆಯಾ’ ಅನ್ನುತ್ತಾರೆ, ತೆಗೆದುಕೊಂಡರೂ ಕಮಿಷನ್ ಮುರಿದುಕೊಳ್ಳುತ್ತಾರೆ. ಅಮೆರಿಕನ್ ಎಕ್ಸ್‌ಪ್ರೆಸ್ ಕೂಡ ಈಗ ಹೊಸ ಚೆಕ್ ಮಾರುವುದಿಲ್ಲ.

ಹಾಗಾದರೆ ಏನು ಒಯ್ಯಬೇಕು? ಬೇರೆ ಬೇರೆ ಖಾತೆಯ ಎರಡು ಕಾರ್ಡ್, ಅದೂ ಒಂದೇ ಪರ್ಸಿನಲ್ಲಲ್ಲ. ಜೊತೆಗೆ ಸ್ವಲ್ಪ ನಗದು. ಚೆಕ್ಕಿಗೆ ಹತ್ತಿರದ್ದು ಬೇಕು ಅನ್ನುವವರಿಗೆ ಪ್ರೀಪೇಯ್ಡ್ ಟ್ರಾವೆಲ್ ಕಾರ್ಡ್ ಇದೆ, ಬೇಕಾದಷ್ಟೇ ತುಂಬಿಸಿಕೊಂಡರೆ ಕಳ್ಳನ ಕೈಗೆ ಸಿಕ್ಕರೂ ಮನೆಯ ಉಳಿತಾಯಕ್ಕೆ ಕೈ ಹಾಕಲು ಆಗುವುದಿಲ್ಲ. ಕಾರ್ಡ್ ಉಜ್ಜುವಾಗ ಮಷಿನ್ ‘ಇಲ್ಲಿಯ ಹಣದಲ್ಲೋ, ನಿಮ್ಮ ದೇಶದ ಹಣದಲ್ಲೋ’ ಅಂತ ಕೇಳಿದರೆ ಇಲ್ಲಿಯದು ಅನ್ನಿ. ನಮ್ಮ ಹಣದ ಲೆಕ್ಕ ನೋಡೋಕೆ ಸುಲಭ ಅನಿಸುತ್ತದೆ ಅಲ್ವಾ, ಆದರೆ ಸಾಮಾನ್ಯವಾಗಿ ಆ ದರವೇ ದುಬಾರಿ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಬೀರು ಜಾಡಿಸುವಾಗ ಹಳೆಯ ಟ್ರಾವೆಲರ್ಸ್ ಚೆಕ್ ಸಿಕ್ಕರೆ ರದ್ದಿ ಅಂತ ಸುಮ್ನೆ ಹರಿದು ಹಾಕಬೇಡಿ. ಅಮೆರಿಕನ್ ಎಕ್ಸ್‌ಪ್ರೆಸ್ ಚೆಕ್ಕಿಗೆ ಅವಧಿ ಮುಗಿಯುವುದು ಅಂತಲೇ ಇಲ್ಲ. ಬೇರೆ ಕಂಪನಿಯದಾದರೂ ಮೇಲೆ ಯಾರ ಹೆಸರಿದೆ ನೋಡಿ ಅವರನ್ನೇ ಕೇಳಿ. ಕೇಳುವವರೆಗೆ ಎರಡನೇ ಸಹಿ ಹಾಕಬೇಡಿ. ತೀರಿಹೋದವರ ಚೆಕ್ ಆಗಿದ್ದರೂ ವಾರಸುದಾರರು ಕಾಗದಪತ್ರ ಕೊಟ್ಟು ಹಣ ಕೇಳಬಹುದು, ತೀರಿಹೋದವರ ಸಹಿಯನ್ನು ನೀವು ಹಾಕಲು ಮಾತ್ರ ಹೋಗಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ